ಎರಡನೇ ಸಲಕ್ಕೂ ಮೂರನೇ ಸಲಕ್ಕೂ ನಡುವೆ

ಮಾರ್ಚ್ ೩

ಈ ಡೈರಿ ತೀರಿಹೋದ ವಿಮಾ ಏಜೆಂಟನೊಬ್ಬನ ಮೇಜಿನ ಡ್ರಾಯರಿನಲ್ಲಿ ಸಿಕ್ಕಿತು. ಹಳೆಯ ವರ್ಷದ್ದು. ತಾರೀಖು ಸರಿ, ವಾರ ತಪ್ಪು. ಒಂದಕ್ಷರ ಬರೆದಿರಲಿಲ್ಲ. ಮೇಜು ಹರಾಜಿನಲ್ಲಿ ಹೋಯಿತು, ಇದು ಉಳಿಯಿತು. ಉಳಿದದ್ದೆಲ್ಲ ಹರಾಜು ಮಳಿಗೆಯ ಮೇಲಿನ ನನ್ನ ಕೋಣೆಗೆ ಬರುತ್ತದೆ. ನಾನು ಮಲಗುವುದು ಯಾರೂ ಸವಾಲು ಕೂಗದ ಮಂಚದಲ್ಲಿ, ಕೂರುವುದು ಒಂದು ಕೈ ಮುರಿದ ಆರಾಮಕುರ್ಚಿಯಲ್ಲಿ. ಹೆಂಡತಿ ಬದುಕಿದ್ದಾಗ ಹೇಳುತ್ತಿದ್ದಳು, "ಈ ಮನೇಲಿ ಬಿಕರಿಯಾಗದೆ ಉಳಿದಿರೋ ಸಾಮಾನಿನಲ್ಲಿ ನಾನೂ ಒಬ್ಬಳು." ಅವಳು ಹೋಗಿ ಆರು ವರ್ಷ. ಈಗ ಆ ಪಟ್ಟಿಯಲ್ಲಿ ನಾನೊಬ್ಬನೇ.

ಬರೆಯುವುದು ನನ್ನ ಕಸುಬಲ್ಲ. ನನ್ನದು ಬಾಯಿ. ಗೋಡೌನಿನಲ್ಲಿ ಮೂಟೆ ಹೊರುತ್ತಿದ್ದವನು ಈ ಬಾಯಿಯಿಂದಲೇ ಮರದ ಸುತ್ತಿಗೆ ಹಿಡಿದೆ, ಮಳಿಗೆ ಹಿಡಿದೆ. ಆದರೆ ಕೆಲವು ಮಾತನ್ನು ಕೂಗಿ ಹೇಳಲು ಬರುವುದಿಲ್ಲ, ಅದಕ್ಕೆ ಈ ಹಾಳೆ.

ಹೋದ ವರ್ಷ ಎಡಪಕ್ಕೆಯ ಕೆಳಗೆ ಭಾರ ಎಂದು ಆಸ್ಪತ್ರೆಗೆ ಹೋದೆ. ಹೊಟ್ಟೆ ತೋರಿಸಲು ಹೋದವನ ರಕ್ತ ತೆಗೆದರು. ಬಿಳಿ ಕಣಗಳು ಜಾತ್ರೆಗೆ ಸೇರಿದಂತೆ ಸೇರಿವೆ ಅಂದರು. ರಕ್ತದ ಕ್ಯಾನ್ಸರ್, ಆದರೆ ನಿಧಾನದ್ದು. ದಿನಕ್ಕೊಂದು ಮಾತ್ರೆ ತಪ್ಪದೆ ನುಂಗಿದರೆ ವರ್ಷಗಟ್ಟಲೆ ಬಾಳಬಹುದು. "ಹಾಗಾದ್ರೆ ನಾನು ಇನ್ಮೇಲೆ ಬಾಡಿಗೆಗೆ ಇದ್ದ ಹಾಗೆ," ಅಂದೆ. ರಕ್ತದ ಡಾಕ್ಟರಮ್ಮ ನಮ್ಮ ಅಕ್ಕನ ಮಗಳ ವಯಸ್ಸಿನವಳು. ನಗಲಿಲ್ಲ.

ಮಾತ್ರೆ ಕೆಲಸ ಮಾಡಿತು. ಎಡಪಕ್ಕೆಯೊಳಗೆ ಗುಲ್ಮ ಎಂಬ ಅಂಗ ಊದಿಕೊಂಡು ಜಠರವನ್ನು ಒತ್ತುತ್ತಿತ್ತಂತೆ. ಅದು ಇಳಿಯಿತು, ಊಟ ಸೇರಿತು. ಆದರೆ ಮಾತ್ರೆ ತನ್ನ ಕೂಲಿಯನ್ನೂ ಕೇಳಿತು. ಭೇದಿ, ನುಲಿತ, ಎದೆಯುರಿ. ಹರಾಜು ನಡೆಯುವಾಗ ಅರ್ಧಕ್ಕೆ ಓಡಬೇಕು. ಅದಕ್ಕೆ ನಾನು ನಿಂತು ಕೂಗುವ ಮರದ ವೇದಿಕೆಯನ್ನು ಮುಂಬಾಗಿಲಿಂದ ಎತ್ತಿಸಿ ಹಿತ್ತಿಲ ಬಾಗಿಲ ಪಕ್ಕ ಹಾಕಿಸಿದೆ. ಅಲ್ಲಿಂದ ಟಾಯ್ಲೆಟ್ಟು ಕೂಗಳತೆ ದೂರವೂ ಅಲ್ಲ. ಗಿರಾಕಿಗಳು ಕೇಳಿದರೆ "ಈ ಕಡೆ ಬೆಳಕು ಚೆನ್ನಾಗಿದೆ" ಎಂದೆ. ಒಪ್ಪಿದರು. ಅಲ್ಲಿ ಕಿಟಕಿಯೇ ಇಲ್ಲ.

ಯಾರಿಗೂ ಹೇಳಿಲ್ಲ. ಜನ ತಮ್ಮ ಮನೆಯಲ್ಲಿ ತೀರಿಕೊಂಡವರ ಸಾಮಾನನ್ನು ನನ್ನ ಬಳಿ ತರುತ್ತಾರೆ. ಕೂಗುವವನೇ ಸರದಿಯಲ್ಲಿ ನಿಂತಿದ್ದಾನೆ ಎಂದು ತಿಳಿದರೆ ಎದುರುಬೀದಿಯ ಮಳಿಗೆಗೆ ನಡೆಯುತ್ತಾರೆ. "ಏನು ಇಳಿದುಹೋಗಿದ್ದೀರಿ?" ಎಂದವರಿಗೆಲ್ಲ "ಗ್ಯಾಸು" ಅನ್ನುತ್ತೇನೆ. ಗ್ಯಾಸು ಮರ್ಯಾದಸ್ಥರ ಕಾಯಿಲೆ.

ಮಾರ್ಚ್ ೯

ಹೊಟ್ಟೆ ಡಾಕ್ಟರ ಬಳಿ ಹೋಗಿದ್ದೆ. ನಮ್ಮಲ್ಲಿ ಗೋಡೆ ಗಡಿಯಾರ ಬಂದರೆ ಬಿಡದೆ ಕೊಳ್ಳುವ ಗಿರಾಕಿ ಅವರು. ಮಳಿಗೆಯಲ್ಲಿ ಗಡಿಯಾರದ ಡಾಕ್ಟರೆಂದೇ ಹೆಸರು. ಅವರ ಕೋಣೆಯ ಗೋಡೆಯಲ್ಲಿ ನಾನು ಕೂಗಿದ ಗಡಿಯಾರಗಳು ಒಂದೊಂದು ಒಂದೊಂದು ಹೊತ್ತು ತೋರಿಸುತ್ತಿದ್ದವು.

"ಏನ್ ಸ್ವಾಮಿ, ಊರಿಗೆಲ್ಲ ಬೆಲೆ ಕಟ್ಟೋರು, ನಿಮ್ಮ ಹೊಟ್ಟೆಗೆ ನಾವು ಕಟ್ಟಬೇಕಾ?" ಅಂದರು.

ಎದೆಯುರಿ ಹೇಳಿದೆ. ನುಲಿತ ಹೇಳಿದೆ. ಭೇದಿಯನ್ನು ಹೇಳಲಿಲ್ಲ. ಮುಂದಿನ ವಾರ ನನ್ನೆದುರು ಕೂತು ಸವಾಲು ಕೂಗುವ ಮನುಷ್ಯನಿಗೆ ಅದನ್ನೆಲ್ಲ ಹೇಗೆ ಹೇಳುವುದು? ರಕ್ತದ ಸಂಗತಿಯನ್ನಂತೂ ಎತ್ತಲೇ ಇಲ್ಲ. ರಕ್ತದ ಖಾತೆ ಬೇರೆ, ಹೊಟ್ಟೆಯ ಖಾತೆ ಬೇರೆ. ಒಂದರದ್ದು ಇನ್ನೊಂದಕ್ಕೆ ಬರೆದರೆ ಎರಡೂ ಕೆಡುತ್ತವೆ. ಇದು ವ್ಯಾಪಾರದ ಮೊದಲ ಪಾಠ.

"ಆಮ್ಲ ಜಾಸ್ತಿ. ಬೆಳಿಗ್ಗೆ ಎದ್ದ ತಕ್ಷಣ ಈ ಮಾತ್ರೆ ತಗೊಳ್ಳಿ, ಬೆಂಕಿ ಆರುತ್ತೆ," ಎಂದರು. ಬರುವಾಗ, ಲೋಲಕದ ಗಡಿಯಾರ ಯಾವುದಾದರೂ ಬಂದರೆ ಮೊದಲು ತಮಗೆ ತಿಳಿಸಬೇಕೆಂದರು.

ಮಾರ್ಚ್ ೨೪

ಬೆಂಕಿ ಆರಿದೆ. ಭೇದಿಯೂ ಕಟ್ಟಿಕೊಂಡಿತು! ಹೇಳದೇ ಇದ್ದ ಕಾಯಿಲೆಯನ್ನೂ ವಾಸಿ ಮಾಡಿದ ಪುಣ್ಯಾತ್ಮ. ನಿನ್ನೆ ಮಧ್ಯಾಹ್ನವೆಲ್ಲ ಒಂದೇ ನಿಲುವಿನಲ್ಲಿ ಕೂಗಿದೆ. ಹಳೆಯ ಗಂಟಲು ಮರಳಿ ಬಂದಿತ್ತು. ಒಡೆದ ಹೂಜಿಯೊಂದನ್ನು "ಒಡೆದದ್ದರಿಂದಲೇ ಇದಕ್ಕೆ ಇಷ್ಟು ವಯಸ್ಸೆಂದು ಗೊತ್ತಾಗುವುದು" ಎಂದು ಮಾರಿದೆ.

ನನ್ನ ಪಕ್ಕದ ಸ್ಟೂಲಿನಲ್ಲಿ ಕೂತು ಗೆದ್ದವರ ಚೀಟಿ ಬರೆಯುವವರು ಚೀಟಿಯಮ್ಮ. ಬಹಳ ವರ್ಷದಿಂದ ಅವರೇ. ಸಾಮಾನು ಯಾರದ್ದಾಯಿತು ಎನ್ನುವುದು ನನ್ನ ಸುತ್ತಿಗೆಯಿಂದಲ್ಲ, ಅವರ ಚೀಟಿಯಿಂದ ಖಾಯಂ ಆಗುವುದು. ಮಳಿಗೆಯ ಕಟ್ಟಳೆ ಅದು.

"ಒಡೆದ ಹೂಜೀನ ಮಾರಿದ್ರಲ್ಲ ಯಜಮಾನ್ರೇ, ನಿಮ್ಮನ್ನ ಪಾಪ ಹಿಡ್ಕೊಳ್ಳಲ್ವಾ?"

"ಹಿಡ್ಕೊಳ್ಳೋಕೆ ಆ ಹೂಜಿಗೆ ಹಿಡಿಕೇನೇ ಇಲ್ಲಮ್ಮ."

ನಿನ್ನೆ ರಾತ್ರಿಯೇ ಅಕ್ಕನ ಫೋನು. ಭಾನುವಾರ ತಪ್ಪಿಸುವುದಿಲ್ಲ. "ಏನೋ ತಿಂದೆ?" ಅನ್ನ, ಎರಡು ಬಗೆಯ ಪಲ್ಯ, ಮೊಟ್ಟೆ, ಬಾಳೆಹಣ್ಣು ಎಂದು ಒಪ್ಪಿಸಿದೆ. ಎದುರಿಗಿದ್ದುದು ಬ್ರೆಡ್ಡು. ಅಕ್ಕನಿಗೆ ಹೇಳುವ ಊಟವನ್ನು ಮೊದಲೇ ಯೋಚಿಸಿಟ್ಟುಕೊಳ್ಳುತ್ತೇನೆ. ವಾರದಲ್ಲಿ ನಾನು ಮಾಡುವ ಒಳ್ಳೆಯ ಅಡುಗೆ ಅದೊಂದೇ.

ಏಪ್ರಿಲ್ ೧೮

ಬಹಳ ದಿನ ಬರೆದಿಲ್ಲ. ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ವ್ಯಾಪಾರ ಸುಮಾರು.

ಊಟ ತಾನೇ ತಾನಾಗಿ ಕಡಿಮೆಯಾಗಿದೆ. ನಾಲ್ಕು ತುತ್ತಿಗೆ ಹೊಟ್ಟೆ ತುಂಬಿ ಹೋಗುತ್ತದೆ. ವಯಸ್ಸಾದಂತೆ ಬುದ್ಧಿ ಬರುತ್ತದೆ ಅನ್ನುತ್ತಾರೆ, ನನಗೆ ಹೊಟ್ಟೆಗೆ ಬಂದಿದೆ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ. ಗಾದೆಯ ಎರಡನೇ ಅರ್ಧ ಮೊದಲೇ ಬರುತ್ತಿತ್ತು, ಮೊದಲನೇ ಅರ್ಧ ಈಗ ಕಲಿತೆ.

ಎಡಮಗ್ಗುಲಲ್ಲಿ ಮಲಗಲು ಆಗುತ್ತಿಲ್ಲ. ಮಂಚದ ಹಲಗೆ ಆ ಕಡೆ ಬಾಗಿದೆ. ಸುಮ್ಮನೆ ಯಾರೂ ಕೊಳ್ಳದೆ ಬಿಟ್ಟದ್ದಲ್ಲ ಅದನ್ನು.

ಮೇ ೬

ನಿವೃತ್ತ ಮೇಷ್ಟ್ರಮ್ಮ ಒಬ್ಬರು ಊಟದ ಮೇಜು ತಂದಿದ್ದಾರೆ. ಎಂಟು ಕುರ್ಚಿ. ಗಟ್ಟಿ ತೇಗ, ಒಂದು ಕಡೆ ಯಾವುದೋ ಮಗು ಚಾಕುವಿನಿಂದ ಕೆತ್ತಿದ ಗೀರುಗಳು. ಅವರು ಒಂದೇ ಕೋಣೆಯ ಮನೆಗೆ ಹೋಗುತ್ತಿದ್ದಾರೆ. ಬಾಗಿಲಲ್ಲಿ ಹಿಡಿಯುವುದಿಲ್ಲವಂತೆ.

"ಎಂಟು ಜನ ಇದ್ರಾ ಮನೇಲಿ?" ಎಂದೆ.

"ಯಾವತ್ತೂ ಇರಲಿಲ್ಲ. ನಾವು ಮೂರೇ ಜನ. ನಮ್ಮನೆಯವರಿಗೆ ಯಾರಾದರೂ ಬಂದಾರು ಅಂತ."

ಇಂಥ ಮಾತು ನನಗೆ ಬಂಡವಾಳ. ವೇದಿಕೆಯ ಮೇಲೆ ಇದನ್ನೇ ಸ್ವಲ್ಪ ಹಿಗ್ಗಿಸಿದರೆ ಕೊಳ್ಳುವವರ ಕೈ ತಾನಾಗಿ ಮೇಲೇಳುತ್ತದೆ. ಆದರೆ ಬರೆದುಕೊಳ್ಳಲಿಲ್ಲ. ಸಂಜೆ ಮಳಿಗೆ ಮುಚ್ಚಿದ ಮೇಲೆ ನನ್ನ ತಟ್ಟೆಯನ್ನು ಕೆಳಗೆ ತಂದು ಆ ಮೇಜಿನ ತುದಿಯಲ್ಲಿ ಕೂತು ಉಂಡೆ. ಮೇಜಿನ ಗಟ್ಟಿತನ ಪರೀಕ್ಷಿಸಲು. ಎರಡು ತುತ್ತು ಇಳಿಯಿತು.

ಮೇ ೧೧

ಬೆಲ್ಟಿಗೆ ಹೊಸ ತೂತು ಹಾಕಿಸಿದೆ. ಚಪ್ಪಲಿ ಹೊಲಿಯುವವನು, "ಮದುವೆಯೇನು ಸ್ವಾಮಿ, ಹೊಟ್ಟೆ ಕರಗಿಸಿದ್ದೀರಿ?" ಎಂದು ಕೇಳಿದ. ಎಡಗಡೆ ಮಾತ್ರ ಗಟ್ಟಿಯಾಗಿ ಉಬ್ಬಿದೆ ಎಂದು ಅವನಿಗೆ ಕಾಣಿಸಲಿಲ್ಲ.

ಮೇ ೨೦

ಮೂರು ತಿಂಗಳಿಗೊಮ್ಮೆಯ ಪರೀಕ್ಷೆ. ಪ್ರತಿ ಸಲ ಇಳಿಯುತ್ತಿದ್ದ ರಕ್ತದ ಅಂಕಿ ಏರಿದೆ. ಸ್ವಲ್ಪವಲ್ಲ. ಡಾಕ್ಟರಮ್ಮ ನನ್ನ ಎಡಪಕ್ಕೆ ಒತ್ತಿ ನೋಡಿ ಕೈ ತೆಗೆಯಲೇ ಇಲ್ಲ.

"ಮಾತ್ರೆ ತಪ್ಪಿಸ್ತಿದ್ದೀರಾ ಅಂಕಲ್?"

"ಒಂದು ದಿನ ಇಲ್ಲ."

"ನಿಜ ಹೇಳಿ. ಬೈಯಲ್ಲ."

"ನಾನು ಮಾರೋ ಮಾಲಿನ ಬಗ್ಗೆ ಸುಳ್ಳು ಹೇಳ್ತೀನಮ್ಮ, ನುಂಗೋ ಮಾಲಿನ ಬಗ್ಗೆ ಅಲ್ಲ."

"ಊಟ?"

"ಚೆನ್ನಾಗಿದೆ."

"ಬೇರೆ ಏನಾದ್ರೂ ಮಾತ್ರೆ ತಗೊಳ್ತೀರಾ?"

"ಏನಿಲ್ಲ."

ಇದು ಸುಳ್ಳಲ್ಲ. ಎದೆಯುರಿ ಮಾತ್ರೆಯೂ ಒಂದು ಮಾತ್ರೆಯೇ? ಪೇಟೆಯ ಪ್ರತಿ ಅಂಗಡಿಯವನ ಜೇಬಿನಲ್ಲೂ ಇರುವಂಥದ್ದು. ಅದು ಹೊಟ್ಟೆಯ ಖಾತೆ.

ಅವಳು ಬಹಳ ಹೊತ್ತು ಏನೋ ಬರೆದಳು. ಮಾತ್ರೆ ನನ್ನ ರಕ್ತದ ಮೇಲೆ ನಾಟುವುದನ್ನು ಬಿಟ್ಟಿರಬಹುದು. ಇನ್ನೊಂದು ಪರೀಕ್ಷೆ ಮಾಡಿ, ಬೇರೆ ಮಾತ್ರೆ ನೋಡಬೇಕು. ಅದೂ ನಾಟದಿದ್ದರೆ ಮೂಳೆಮಜ್ಜೆ ಬದಲಿಸುವ ಮಾತು. "ಒಡಹುಟ್ಟಿದವರು ಇದ್ದಾರಾ?" ಅಂದಳು. ಒಬ್ಬಳು ಅಕ್ಕ ಎಂದೆ. "ಮುಂದಿನ ಸಲ ಯಾರನ್ನಾದ್ರೂ ಕರ್ಕೊಂಡು ಬನ್ನಿ. ಈ ಮಾತನ್ನ ಒಬ್ಬರೇ ಕೇಳಿಸ್ಕೋಬಾರದು."

ಯಾರನ್ನು? ಅಕ್ಕನಿಗೆ ಮಂಡಿನೋವು, ಮೆಟ್ಟಿಲಿಗೇ ಅಳುತ್ತಾಳೆ. ದಾರಿಯುದ್ದಕ್ಕೂ ಗುರುತಿನವರನ್ನೆಲ್ಲ ಮನಸ್ಸಿನಲ್ಲಿ ಕರೆದು ನೋಡಿದೆ. ಈ ಪೇಟೆಯಲ್ಲಿ ನನ್ನ ಧ್ವನಿ ಕೇಳದವರಿಲ್ಲ. ಒಬ್ಬನ ಪಕ್ಕದಲ್ಲೂ ಆಸ್ಪತ್ರೆಯ ಬೆಂಚಿನಲ್ಲಿ ನನ್ನನ್ನು ಕೂರಿಸಿ ನೋಡಲು ಆಗಲಿಲ್ಲ.

ಮೇ ೨೧

ಏನೂ ಇಲ್ಲ.

ಮೇ ೨೬

ಮೇಷ್ಟ್ರಮ್ಮನ ಮೇಜಿನ ಹರಾಜು. ಅವರು ಹಿಂದಿನ ಸಾಲಿನಲ್ಲಿ ಚೀಲ ಮಡಿಲಲ್ಲಿಟ್ಟು ಕೂತಿದ್ದರು.

ತಪ್ಪು ಮಾಡಿದ್ದು ಮಧ್ಯಾಹ್ನ. ಹಟ ಬಂತು. ಗಂಡಸು ಒಂದು ತಟ್ಟೆ ಅನ್ನ ಉಣ್ಣಲಾರನೇ ಎಂದು ಎದುರಿನ ಹೋಟೆಲಿನಲ್ಲಿ ಪೂರ್ತಿ ಊಟ ಹಾಕಿಸಿಕೊಂಡು ಕೊನೆಯ ಅಗುಳಿನವರೆಗೂ ತಿಂದೆ. ಯಾರಿಗೆ ತೋರಿಸಲು, ಗೊತ್ತಿಲ್ಲ. ಹೋಟೆಲಿನ ಮೇಜಿನಲ್ಲಿ ಎದುರಿಗೆ ಯಾರೂ ಇರಲಿಲ್ಲ.

ವೇದಿಕೆ ಹತ್ತಿದೆ. ಮೇಜಿಗೆ ಸವಾಲು ಶುರುವಾಯಿತು. ಮುಂದಿನ ಸಾಲಿನಲ್ಲಿ ಹದ್ದು. ಹಳೇ ಸಾಮಾನಿನ ದಲ್ಲಾಳಿ ಅವನು. ಸತ್ತ ಮನೆಯ ಮೇಲೆ ಸುತ್ತುತ್ತಾನೆಂದು ಆ ಹೆಸರು. ಕೆಳಗಿನ ಬೆಲೆ ಕೂಗಿ ಕೂತಿದ್ದ. ಹಿಂದೆ ಇಬ್ಬರು ಹೊಸಬರು, ಗಂಡ ಹೆಂಡತಿ ಇರಬೇಕು, ಪಿಸುಗುಟ್ಟಿಕೊಳ್ಳುತ್ತಿದ್ದರು. ಅಂಥವರನ್ನು ಕಾಯಬೇಕು. ಎರಡನೇ ಸಲ ಎಂದ ಮೇಲೆ, ಮೂರನೇ ಸಲ ಎನ್ನುವ ಮೊದಲು ಒಂದು ಜಾಗವಿದೆ. ಅಲ್ಲಿ ನಿಂತು ನಗಿಸಬೇಕು, ಗದರಬೇಕು, ಮರವನ್ನು ತಟ್ಟಿ ಕೇಳಿಸಬೇಕು. ಸುತ್ತಿಗೆಯನ್ನು ಯಾರು ಬೇಕಾದರೂ ಕುಟ್ಟುತ್ತಾರೆ. ನನ್ನ ಕಸುಬು ಇರುವುದು ಆ ಜಾಗದಲ್ಲಿ.

ಅಷ್ಟರಲ್ಲಿ ತಿಂದದ್ದೆಲ್ಲ ಗಂಟಲಿಗೆ ಬಂತು. "ಒಂದ್ಸಲ ಎರಡ್ಸಲ ಮೂರ್ಸಲ" ಎಂದು ಒಂದೇ ಉಸಿರಿನಲ್ಲಿ ಹೇಳಿ, ಸುತ್ತಿಗೆ ಕುಟ್ಟಿ ಓಡಿದೆ.

ಬಾಯಿ ತೊಳೆದು ಬಂದಾಗ ಹದ್ದು ಕುರ್ಚಿ ಎಣಿಸುತ್ತಿದ್ದ. ಮೇಷ್ಟ್ರಮ್ಮ ಹೊರಟುಹೋಗಿದ್ದರು.

ಮೇ ೨೭

ಬೆಳಿಗ್ಗೆ ಮಳಿಗೆ ತೆಗೆದರೆ ಮೇಜು ಇದ್ದಲ್ಲೇ ಇದೆ. ಎಂಟು ಕುರ್ಚಿಯೂ ಇವೆ. ಒಂದರಲ್ಲಿ ಚೀಟಿಯಮ್ಮ.

"ಹದ್ದು ಒಯ್ಯಲಿಲ್ವಾ?"

"ಏನಂತ ಒಯ್ತಾನೆ? ನಾನು ಚೀಟಿ ಬರೆದಿದ್ರೆ ತಾನೆ."

"ನಾನು ಸುತ್ತಿಗೆ ಕುಟ್ಟಿದ್ದೆ."

"ನೀವು ಕುಟ್ಟಿದ್ದು ಹರಾಜಲ್ಲ, ಬಾಗಿಲು ತಟ್ಟಿದ ಹಾಗಿತ್ತು. ಮೂರು ಸಲಾನೂ ಒಂದೇ ಉಸಿರಲ್ಲಿ ಹೇಳಿದ್ರೆ ಅದು ಒಂದೇ ಸಲ. ಮತ್ತೆ ಕೂಗಬೇಕು ಅಂತ ಅವನಿಗೆ ಹೇಳ್ದೆ. ಹಾರಾಡ್ದ. ಹದ್ದಲ್ವಾ, ಹಾರಾಡ್ಲಿ ಅಂದೆ." ಆಮೇಲೆ ಧ್ವನಿ ತಗ್ಗಿಸಿದರು. "ಕೂತ್ಕೊಳ್ಳಿ. ಒಂದು ಮಾತು ಕೇಳ್ಬೇಕು. ಯಾವಾಗಿನಿಂದ ಕುಡೀತಿದ್ದೀರಿ?"

ನಾನು ಎದುರಿನ ಕುರ್ಚಿ ಎಳೆದು ಕೂತೆ.

"ವೇದಿಕೆ ಹಿತ್ತಿಲ ಬಾಗಿಲಿಗೆ ಹೋದಾಗಲೇ ಅನುಮಾನ ಬಂತು. ಕಾಲು ಗಂಟೆಗೊಂದು ಸಲ ಒಳಗೆ ಹೋಗಿ ಬರೋದು. ಮುಖ ಸುಟ್ಟ ಬದನೇಕಾಯಿ. ನಿನ್ನೆ ವಾಂತಿ. ನಮ್ಮನೆಯವರೂ ಹಿಂಗೇ ಶುರು ಮಾಡಿದ್ದು."

ಹೌದು ಎಂದುಬಿಡೋಣ ಅನ್ನಿಸಿತು. ಕುಡುಕನ ಬಳಿ ಜನ ಸಾಮಾನು ತರುತ್ತಾರೆ, ಕನಿಕರದಿಂದಲಾದರೂ. ಬಾಯಿ ತೆಗೆದೆ. ನಲವತ್ತು ವರ್ಷ ಕೂಗಿದ ಬಾಯಿ, ಒಂದು ಸಣ್ಣ ಸುಳ್ಳಿಗೆ ಮಾಲೇ ಸಿಗಲಿಲ್ಲ. ಎಡಪಕ್ಕೆ ತೋರಿಸಿ "ಇಲ್ಲಿ" ಎಂದೆ. ಆಮೇಲೆ ಉಳಿದದ್ದೆಲ್ಲ ಬಂತು, ಸಾಲಾಗಿ ಅಲ್ಲ, ಗೋಡೌನಿನ ಬಾಗಿಲು ತೆಗೆದಾಗ ಒರಗಿಸಿಟ್ಟದ್ದು ಬೀಳುವ ಹಾಗೆ.

ಅವರು ಅಳಲಿಲ್ಲ. "ಥೂ," ಎಂದರು. "ಕುಡಿತಾನೇ ಆಗಿದ್ರೆ ಬೈಯೋಕೆ ಸುಲಭ ಇತ್ತು." ಸೆರಗು ಸಿಕ್ಕಿಸಿ ಎದ್ದು, "ಆಸ್ಪತ್ರೆಗೆ ಯಾವತ್ತು?"

"ಶುಕ್ರವಾರ."

"ಹರಾಜಿಲ್ಲ ಅವತ್ತು. ನಡೀರಿ."

ನಾನು ಕೇಳಿರಲಿಲ್ಲ. ಬರುತ್ತೀರಾ ಎಂದು ಕೇಳಲೇ ಇಲ್ಲ.

ಮೇ ೩೦

ಚೀಟಿಯಮ್ಮ ಮಳಿಗೆಯ ಪದ್ಧತಿಯನ್ನೇ ಆಸ್ಪತ್ರೆಗೂ ತಂದರು. ಹೊರಡುವ ಮೊದಲು ಮೇಲಿನ ಕೋಣೆಗೆ ಬಂದು, ಮಂಚದ ಪಕ್ಕದಲ್ಲಿ, ಕಪಾಟಿನಲ್ಲಿ, ಕೋಟಿನ ಜೇಬಿನಲ್ಲಿ ಸಿಕ್ಕಿದ ಮಾತ್ರೆಯನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡರು. "ಸಾಮಾನು ನೋಡದೆ ಚೀಟಿ ಬರೆದು ನಂಗೆ ಅಭ್ಯಾಸ ಇಲ್ಲ."

ಡಾಕ್ಟರಮ್ಮನ ಮೇಜಿನ ಮೇಲೆ ಒಂದೊಂದಾಗಿ ಇಡುತ್ತ ಹೋದರು. "ಇದು ರಕ್ತದ್ದು. ಇದು ನಿದ್ದೆಗಂತೆ, ಮುಟ್ಟಿಲ್ಲ. ಇದು ಎದೆಯುರಿದು."

ಡಾಕ್ಟರಮ್ಮನ ಕೈ ಎದೆಯುರಿ ಮಾತ್ರೆಯ ಪಟ್ಟಿಯ ಮೇಲೆ ನಿಂತಿತು.

"ಇದನ್ನ ಯಾವಾಗಿನಿಂದ ತಗೊಳ್ತಿದ್ದೀರಿ?"

"ಮಾರ್ಚಿಂದ. ಅದು ಹೊಟ್ಟೇದು," ಎಂದೆ.

"ದಿನಾ?"

"ಒಂದು ದಿನ ತಪ್ಪಿಸಿಲ್ಲ." ಹೆಮ್ಮೆಯಿಂದಲೇ ಹೇಳಿದೆ.

ಅವಳು ಪೆನ್ನು ಕೆಳಗಿಟ್ಟಳು. "ಅಂಕಲ್, ನಿಮ್ಮ ರಕ್ತದ ಮಾತ್ರೆ ಕರಗೋಕೆ ಹೊಟ್ಟೇಲಿ ಆಮ್ಲ ಬೇಕು. ಈ ಮಾತ್ರೆ ಆ ಆಮ್ಲಾನೇ ಆರಿಸುತ್ತೆ. ಎರಡನ್ನೂ ನೀವು ತಪ್ಪದೆ ನುಂಗಿದ್ದೀರಿ. ಇದು ಅದನ್ನ ಕೆಲಸ ಮಾಡೋಕೆ ಬಿಟ್ಟಿಲ್ಲ."

ಭೇದಿ ನಿಂತದ್ದು ಗಡಿಯಾರದ ಡಾಕ್ಟರ ಕೈಗುಣವಲ್ಲ. ಭೇದಿ ತರುವ ಮಾತ್ರೆ ಒಳಗೆ ಸೇರುತ್ತಲೇ ಇರಲಿಲ್ಲ. ನಾಲ್ಕು ತುತ್ತಿಗೆ ಹೊಟ್ಟೆ ತುಂಬಿದ್ದು ಬುದ್ಧಿ ಬಂದದ್ದರಿಂದಲ್ಲ. ಗುಲ್ಮ ಮತ್ತೆ ಊದಿ ಜಠರಕ್ಕೆ ಜಾಗ ಬಿಟ್ಟಿರಲಿಲ್ಲ. ಮಂಚದ ಹಲಗೆ ನೆಟ್ಟಗೇ ಇದೆ.

"ಅವರಿಗೆ ರಕ್ತದ ಕಾಯಿಲೆ ಹೇಳಿದ್ರಾ?"

"ಇಲ್ಲ."

"ನನಗೆ ಹೊಟ್ಟೆ ಹೇಳಿದ್ರಾ?"

"ಇಲ್ಲ."

"ಯಾಕೆ?"

"ಅವರು ಗಡಿಯಾರ ಕೊಳ್ತಾರೆ," ಎಂದೆ. ಆ ಹುಡುಗಿ ಮೊದಲ ಸಲ ನಕ್ಕಳು. ನಗು ಮುಗಿದ ಮೇಲೆ ಕಣ್ಣು ಒರೆಸಿಕೊಂಡಂತೆ ಕಂಡಿತು. ನನ್ನ ಭ್ರಮೆಯಿದ್ದೀತು.

ಎದೆಯುರಿ ಮಾತ್ರೆ ಇಂದಿನಿಂದ ಬಂದ್. ರಕ್ತದ ಮಾತ್ರೆ ಊಟದ ಜೊತೆಗೆ. ಆರು ವಾರದ ನಂತರ ಮತ್ತೆ ರಕ್ತ ನೋಡುತ್ತಾಳೆ. ಅಂಕಿ ಇಳಿದರೆ ಸರಿ, ಇಳಿಯದಿದ್ದರೆ ಅಂದು ಹೇಳಿದ ಬೇರೆ ಮಾತ್ರೆ, ಮಜ್ಜೆಯ ಮಾತೇ. ಖಂಡಿತ ಇಳಿಯುತ್ತದೆ ಎಂದು ಅವಳು ಹೇಳಲಿಲ್ಲ. "ಭೇದಿ ಮತ್ತೆ ಬರಬಹುದು. ಬಂದ್ರೆ ನನಗೆ ಹೇಳಿ, ಅದಕ್ಕೂ ದಾರಿ ಇದೆ. ಮುಚ್ಚಿಡಬೇಡಿ."

"ಇನ್ನು ಮುಚ್ಚಿಡೋಕೆ ಬಿಡಲ್ಲ," ಎಂದರು ಚೀಟಿಯಮ್ಮ, ಮಾತ್ರೆಗಳನ್ನು ಚೀಲಕ್ಕೆ ತುಂಬುತ್ತ.

ಬಸ್ಸಿನಲ್ಲಿ ಅವರು ಕಿಟಕಿಯ ಪಕ್ಕ ಕೂತು ನಿದ್ದೆ ಹೋದರು. ಇಳಿಯುವ ಸ್ಟಾಪು ಬಂದರೂ ಎಬ್ಬಿಸಲು ಮನಸ್ಸಾಗಲಿಲ್ಲ. ಒಂದು ಸ್ಟಾಪು ಮುಂದೆ ಹೋಗಿ ನಡೆದು ಬಂದೆವು. ಬೈದರು.

ಜೂನ್ ೨

ಅಕ್ಕನ ಫೋನು ನಿನ್ನೆ. "ಏನೋ ತಿಂದೆ?"

"ಎರಡು ತುತ್ತು ಅನ್ನ, ಅರ್ಧ ಬಾಳೆಹಣ್ಣು."



"ಲೋ, ಹೋದ ವಾರ ಎರಡು ಬಗೆ ಪಲ್ಯ ಅಂದೆ?"

"ಅದು ನಿನಗೋಸ್ಕರ ಮಾಡಿದ್ದು."

ಆಮೇಲೆ ಹೇಳಿದೆ. ಅತ್ತಳು. ಮಂಡಿನೋವಿಗೆ ಅಳುವುದಕ್ಕಿಂತ ಕಡಿಮೆ. ಕೊನೆಗೆ, "ಆ ಮಜ್ಜೆ ಅಂದ್ಯಲ್ಲ, ಮಂಡಿದು ಬಿಟ್ಟು ಬೇರೆ ಎಲ್ಲಿಂದ ಬೇಕಾದ್ರೂ ತಗೊಳ್ಳಲಿ. ಮಂಡೀದು ಕೆಟ್ಟಿದೆ," ಎಂದಳು.

ಜೂನ್ ೯

ಮೇಜು ಮತ್ತೆ ಹರಾಜಿಗೆ. ಮೇಷ್ಟ್ರಮ್ಮನ ಮನೆಗೆ ನಾನೇ ಹೋಗಿ ಕರೆದು ಬಂದಿದ್ದೆ. ಅದೇ ಹಿಂದಿನ ಸಾಲು, ಅದೇ ಚೀಲ. ಹದ್ದು ಮುಂದೆ. ಪಿಸುಗುಟ್ಟುವ ಗಂಡ ಹೆಂಡತಿಯೂ ಬಂದಿದ್ದರು.

ಸವಾಲು ಹದ್ದಿನ ಹೋದ ಸಲದ ಬೆಲೆ ದಾಟಿ, ಮತ್ತೆ ಅವನ ಮೇಲೇ ನಿಂತಿತು. ಗಂಡನ ಕೈ ಅರ್ಧ ಎದ್ದಿತ್ತು, ಹೆಂಡತಿ ಅವನ ಅಂಗಿ ಹಿಡಿದಿದ್ದಳು. "ಎರಡನೇ ಸಲ" ಎಂದೆ. ಆಗ ಹೊಟ್ಟೆ ನುಲಿಯಿತು. ವಾಂತಿಯಲ್ಲ. ಮಾರ್ಚ್ ತಿಂಗಳ ಆ ಹಳೆಯ ನುಲಿತ. ಮಾತ್ರೆ ಒಳಗೆ ಸೇರುತ್ತಿದೆ ಎಂದು ಅದರರ್ಥವೋ, ಬರೀ ಹೊಟ್ಟೆ ಕೆಟ್ಟದ್ದೋ, ರಕ್ತ ನೋಡುವವರೆಗೆ ಯಾರೂ ಹೇಳಲಾರರು. ಆದರೂ ಭೇದಿಯನ್ನು ನಂಟನಂತೆ ಬರಮಾಡಿಕೊಂಡವನು ಈ ಪೇಟೆಯಲ್ಲಿ ನಾನೊಬ್ಬನೇ ಇರಬೇಕು.

ಸುತ್ತಿಗೆಯನ್ನು ಚೀಟಿಯಮ್ಮನ ಮುಂದೆ ಇಟ್ಟೆ. "ಹೊಟ್ಟೆ ಕೆಟ್ಟಿದೆ, ಬರ್ತೀನಿ," ಎಂದು ಇಡೀ ಮಳಿಗೆಗೆ ಕೇಳುವ ಹಾಗೆ ಹೇಳಿ ಒಳಗೆ ಹೋದೆ. ಗಡಿಯಾರದ ಡಾಕ್ಟರೂ ಕೂತಿದ್ದರು. ಕೇಳಿಸಿಕೊಳ್ಳಲಿ.

ತೆಳುವಾದ ಬಾಗಿಲು. ಹೊರಗಿನದೆಲ್ಲ ಕೇಳುತ್ತದೆ.

"ಎರಡನೇ ಸಲ," ಎಂದರು ಚೀಟಿಯಮ್ಮ. ಕೂಗಿ ಅಭ್ಯಾಸವಿಲ್ಲದ ಗಂಟಲು. ಸ್ವಲ್ಪ ಬಿಟ್ಟು, "ಆ ಕಾಲು ನೋಡಿ, ಒಂದು ಅಳ್ಳಾಡಲ್ಲ. ಎರಡನೇ ಸಲ." ಮತ್ತೆ ಸ್ವಲ್ಪ ಬಿಟ್ಟು, "ಅಮ್ಮಾ, ಅವರ ಅಂಗಿ ಬಿಡಿ, ಹರಿಯುತ್ತೆ. ಎರಡನೇ ಸಲ."

ಹದ್ದಿನ ಧ್ವನಿ: "ಎಷ್ಟು ಸಲ ಎರಡನೇ ಸಲ ಹೇಳ್ತೀರಮ್ಮ? ಮೂರು ಅನ್ನಿ, ಮುಗೀಲಿ."

"ನಂಗೆ ಎರಡರವರೆಗೇ ಬರೋದು. ಮುಂದಿಂದು ಯಜಮಾನ್ರಿಗೆ ಗೊತ್ತು. ಬರಲಿ."

ಮಳಿಗೆ ನಕ್ಕಿತು. ಆ ನಗುವಿನ ಮಧ್ಯೆ ಹೆಂಗಸೊಬ್ಬಳ ಧ್ವನಿ, ಆ ಹೆಂಡತಿಯದ್ದೇ ಇರಬೇಕು, ಹದ್ದಿನ ಮೇಲೆ ಏರಿಸಿ ಕೂಗಿತು.

ನಲ್ಲಿ ತಿರುಗಿಸಿ ಸೋಪು ಹಚ್ಚಿ ನಿಧಾನವಾಗಿ ಕೈ ತೊಳೆದುಕೊಂಡೆ. ಬಾಗಿಲ ಆಚೆ ಇನ್ನೂ ಎರಡನೇ ಸಲವೇ ನಡೆಯುತ್ತಿತ್ತು.